ಎರಡನೇ ಕ್ಲಾಸಿನ ಮಗಳು 8+5 ಕೂಡಿಸಲು ಇನ್ನೂ ಬೆರಳು ಎಣಿಸುತ್ತಾಳೆ, ಏನು ಮಾಡಲಿ?

ಬೆರಳು ಎಣಿಸಿದರೆ ತಪ್ಪೇನಿಲ್ಲ, ಸುಮ್ನೆ ಗದರಬೇಡಿ. ಒಂದರಿಂದ ಶುರು ಮಾಡುವುದನ್ನು ಮಾತ್ರ ಬಿಡಿಸಿ. 3+9 ಅಂದರೆ ದೊಡ್ಡದನ್ನು ಮನಸ್ಸಲ್ಲಿಟ್ಟು ಹತ್ತು, ಹನ್ನೊಂದು, ಹನ್ನೆರಡು ಅಂತ ಮುಂದುವರಿದರೆ ಸಾಕು.

ನಿಜವಾದ ಮಜಾ ಇರುವುದು ಹತ್ತು ಮಾಡುವುದರಲ್ಲಿ. ನಮ್ಮದು ಮೂಡಿಗೆರೆ ಕಡೆ, ಕಾಫಿ ಬೀಜಕ್ಕೆ ಬರವಿಲ್ಲ. ಸ್ಲೇಟಿನ ಮೇಲೆ ಐದೈದರಂತೆ ಎರಡು ಸಾಲು ಮನೆ ಬರೆದು 8 ಬೀಜ ಇಡಿಸುತ್ತೇನೆ. ಪಕ್ಕದಲ್ಲಿ 5. ‘ಎಷ್ಟು ಮನೆ ಖಾಲಿ?’ ಎರಡು. ಐದರಿಂದ ಎರಡು ಬೀಜ ಜಾರಿಸಿದರೆ ಹತ್ತು ತುಂಬಿತು, ಹೊರಗೆ ಮೂರು ಉಳಿಯಿತು. ಹತ್ತು, ಮೂರು, ಹದಿಮೂರು! ಹೆಸರಲ್ಲೇ ಉತ್ತರ ಕೂತಿದೆ ಅಲ್ವಾ?

ಇದಕ್ಕೆ ಮೊದಲು 9+1, 8+2, 7+3 ಥರದ ಹತ್ತರ ಜೋಡಿಗಳು ಬಾಯಿಗೆ ಬರಬೇಕು. ಹತ್ತು ಬೀಜದಲ್ಲಿ ಒಂದಷ್ಟು ಮುಷ್ಟಿಯಲ್ಲಿ ಬಚ್ಚಿಟ್ಟು ‘ಒಳಗೆಷ್ಟು?’ ಅಂತ ಕೇಳಿ. ದಿನಾ ಐದು ನಿಮಿಷ, ಜಾಸ್ತಿ ಬೇಡ.

ದೊಡ್ಡ ಸಂಖ್ಯೆಗೂ ಇದೇ ಉಪಾಯ. ಹಾಸನದಿಂದ ಬೇಲೂರಿಗೆ ಸುಮಾರು 38 ಕಿ.ಮೀ., ಅಲ್ಲಿಂದ ಚಿಕ್ಕಮಗಳೂರಿಗೆ ಸುಮಾರು 25. ಇಪ್ಪತ್ತೈದರಿಂದ ಎರಡು ಸಾಲ ತಗೊಂಡರೆ 40+23, ಅಂದರೆ 63. ‘ಕೈಯಲ್ಲಿ ಒಂದು’ ಆಮೇಲೆ ಕಲಿಸಿದರೂ ಆಯ್ತು.