ಕುರಿಂಜಿ, ಶಾರ್ಕ್ ಮತ್ತು ನಿಮ್ಮ ಲೇಖನ

ನಮಸ್ಕಾರ,

12 ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಗಿಡವನ್ನೂ ನೂರಾರು ವರ್ಷ ಬದುಕುವ ಗ್ರೀನ್‌ಲ್ಯಾಂಡ್ ಶಾರ್ಕನ್ನೂ ಹೋಲಿಸಿ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಜೋಡಿ ತುಂಬಾ ಚೆನ್ನಾಗಿದೆ.

‘ಎರಡೂ ನಮಗೆ ತಾಳ್ಮೆಯ ಪಾಠ ಹೇಳುತ್ತವೆ’ ಎಂದು ನಾಲ್ಕು ಕಡೆ ಬರೆದಿದ್ದೀರಿ. ನಾಲ್ಕನ್ನೂ ಹೊಡೆದುಹಾಕಿ. ಆ ಮಾತನ್ನು ಯಾವ ಗಿಡದ ಬಗ್ಗೆ ಬೇಕಾದರೂ ಹೇಳಬಹುದು, ಅಲ್ವಾ?

ಒಂದು ದೊಡ್ಡ ತಪ್ಪಿದೆ. ಕುರಿಂಜಿ ಅರಳಿದ ಮೇಲೆ ‘ಮತ್ತೆ 12 ವರ್ಷ ನಿದ್ದೆ ಹೋಗುತ್ತದೆ’ ಎಂದಿದ್ದೀರಿ. ಇಲ್ಲ, ಅದು ಬೀಜ ಬಿಟ್ಟು ಸತ್ತೇ ಹೋಗುತ್ತದೆ. ನೀವು 2018ರಲ್ಲಿ ಮುನ್ನಾರ್‌ನಲ್ಲಿ ನೋಡಿದ ಗಿಡಗಳು 2006ರಲ್ಲಿ ಅರಳಿದವುಗಳ ಮಕ್ಕಳು. ಇದು ಗೊತ್ತಾದರೆ ನಿಮ್ಮ ಹೋಲಿಕೆಯೇ ಬದಲಾಗುತ್ತದೆ.

ಶಾರ್ಕ್‌ಗೆ ‘500 ವರ್ಷ ಆಯಸ್ಸು’ ಎಂದೂ ಸಲೀಸಾಗಿ ಬರೆದುಬಿಟ್ಟಿದ್ದೀರಿ. 2016ರ ಅಧ್ಯಯನದಲ್ಲಿ ಅತಿ ದೊಡ್ಡ ಶಾರ್ಕ್‌ನ ವಯಸ್ಸು 272ರಿಂದ 512ರ ನಡುವೆ ಇರಬಹುದು ಎಂಬ ಅಂದಾಜು ಬಂತು. ಅದನ್ನು ಕಂಡುಕೊಂಡ ಬಗೆಯೇ ಒಂದು ಕಥೆ. ಮರದ ಉಂಗುರ ಎಣಿಸಿದ ಹಾಗೆ ಎಣಿಸೋಣ ಅಂದರೆ ಈ ಮೀನಿನ ಮೈಯಲ್ಲಿ ಅಂಥ ಗಟ್ಟಿ ಭಾಗವೇ ಇಲ್ಲ. ಕಣ್ಣಿನ ಮಸೂರದ ನಡುಭಾಗ ಮಾತ್ರ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ರೂಪುಗೊಂಡು ಹಾಗೇ ಉಳಿಯುತ್ತದೆ. ಅಲ್ಲಿನ ವಿಕಿರಣಶೀಲ ಇಂಗಾಲವನ್ನು ಅಳೆದು ವಯಸ್ಸು ಲೆಕ್ಕ ಹಾಕಿದರು. ಇಷ್ಟು ಒಳ್ಳೆಯ ಸಂಗತಿಯನ್ನು ಬಿಟ್ಟು ಸಮುದ್ರದ ಗಾಂಭೀರ್ಯಕ್ಕೆ ಒಂದು ಪುಟ ಕೊಟ್ಟಿದ್ದೀರಿ!

ಅದೇ ಅಧ್ಯಯನದ ಪ್ರಕಾರ ಹೆಣ್ಣು ಶಾರ್ಕ್ ಮರಿ ಹಾಕುವಷ್ಟು ಬೆಳೆಯಲು ಸುಮಾರು 150 ವರ್ಷ ಬೇಕು. ನಿಮ್ಮ ಹೂವೂ ಮೀನೂ ನಿಜವಾಗಿ ಸೇರುವುದು ಇಲ್ಲಿ. ಹನ್ನೊಂದನೇ ವರ್ಷ ಗುಡ್ಡಕ್ಕೆ ಬೆಂಕಿ ಬಿದ್ದು ಕುರಿಂಜಿ ಸುಟ್ಟರೆ ಬೀಜವಿಲ್ಲ. 140ನೇ ವರ್ಷ ಶಾರ್ಕ್ ಬಲೆಗೆ ಬಿದ್ದರೆ ಮರಿಯಿಲ್ಲ. ಬೇರೆಯಾಗುವುದೂ ಇಲ್ಲೇ: ಗಿಡ ಒಮ್ಮೆ ಬೀಜ ಬಿಟ್ಟರೆ ಮುಗಿಯಿತು, ಶಾರ್ಕ್‌ಗೆ ಮುಂದೆಯೂ ಅವಕಾಶವಿದೆ. ಇದನ್ನು ಬರೆಯಿರಿ.

ಕೊನೆಯ ಪುಟದಲ್ಲಿ, ಫೋಟೋಗೆಂದು ಜನ ಹೂವಿನ ಕೊಂಬೆ ಮುರಿದದ್ದನ್ನು ಮೂರೇ ಸಾಲಿನಲ್ಲಿ ಹೇಳಿದ್ದೀರಿ. ಬೀಜವಾಗಬೇಕಿದ್ದ ಕೊಂಬೆ ಅದು. ಓದಿ ಸಂಕಟವಾಯಿತು. ಲೇಖನ ಅಲ್ಲಿಂದಲೇ ಶುರುವಾಗಲಿ. ತಿದ್ದಿ ಕಳಿಸಿ, ಕಾಯುತ್ತಿರುತ್ತೇನೆ.

— ಸಂಪಾದಕ