ಆರ್ದ್ರಾ ಎರಡೇ ಗಂಟೆಯಲ್ಲಿ ಮಂಕಾಗುವುದಿಲ್ಲ

ಏಪ್ರಿಲ್ ಮಧ್ಯದಲ್ಲಿ, ರಾತ್ರಿ 9.30ಕ್ಕೆ ಚಿಕ್ಕಬಳ್ಳಾಪುರದ ತಾರಸಿಯಿಂದ ಆರ್ದ್ರಾ (ಒರಾಯನ್ ಪುಂಜದ ಕೆಂಪು ನಕ್ಷತ್ರ ಬೆಟಲ್‌ಗೂಸ್) ಹೊಳೆಯುವ ನಕ್ಷತ್ರ ಪ್ರೋಸಿಯಾನ್‌ಗಿಂತ ಮಂಕಾಗಿ ಕಂಡಿತು, ಅದು ಸಿಡಿಯಲಿದೆಯೇ ಎಂದು ಕೇಳಿದ್ದೀರಿ. ಹಾಗೆ ಕಂಡಿದ್ದಕ್ಕೆ ಕಾರಣ ಬಹುಮಟ್ಟಿಗೆ ಪಡುವಣದ ದೂಳು, ನಕ್ಷತ್ರವಲ್ಲ. ಅಷ್ಟು ಹೊತ್ತಿಗೆ ಆರ್ದ್ರಾ ದಿಗಂತದತ್ತ ಕೆಳಗಿಳಿದು ಆ ದೂಳಿನ ಹಿಂದಿರುತ್ತದೆ. ನೀವು ಹೋಲಿಸಿದ ಪ್ರೋಸಿಯಾನ್ ಇನ್ನೂ ಮೇಲಿರುತ್ತದೆ. ನಾನೂ ಹೀಗೆಯೇ ಅರ್ಧ ಕಾಂತಿಮಾನ ತಪ್ಪಿದ್ದೆ (ಕಾಂತಿಮಾನ ಎಂದರೆ ನಕ್ಷತ್ರದ ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಂಕು).

7.30ಕ್ಕೇ ನೋಡಿ. ಪ್ರೋಸಿಯಾನ್‌ನ ಕಾಂತಿಮಾನ 0.4, ರೋಹಿಣಿಯದು 0.9; ಆರ್ದ್ರಾ ಯಾವುದಕ್ಕೆ ಹತ್ತಿರವಿದೆ ಎಂದು ಅಂದಾಜಿಸಿ. ದಿಟ್ಟಿಸಬೇಡಿ, ಕೆಂಪು ನಕ್ಷತ್ರ ನೋಡಿದಷ್ಟೂ ಬೆಳಗುತ್ತ ಹೋಗುವಂತೆ ಕಾಣುತ್ತದೆ. ಕಣ್ಣು ಹಾಯಿಸಿ ತೆಗೆದುಬಿಡಿ. ವಾರಕ್ಕೊಮ್ಮೆ ಸಾಕು, ಅದರ ಮುಖ್ಯ ಏರಿಳಿತ ಸುಮಾರು 400 ದಿನಗಳದ್ದು. ಕಣ್ಣಂದಾಜಿನಲ್ಲಿ 0.2ರಷ್ಟು ತಪ್ಪು ಇದ್ದೇ ಇರುತ್ತದೆ.

ಸಿಡಿಯುವ ಚಿಂತೆ ಬಿಡಿ. 2020ರ ಫೆಬ್ರವರಿಯಲ್ಲಿ 1.6ಕ್ಕೆ ಇಳಿದಾಗಲೂ ಅದು ತಾನೇ ಉಗುಳಿದ ದೂಳಿನ ಮರೆಯಲ್ಲಿತ್ತು, ಅಷ್ಟೆ. 7.30ಕ್ಕೂ ರೋಹಿಣಿಗಿಂತ ಮಂಕಾಗಿದ್ದರೆ ದಿನಾಂಕ, ವೇಳೆ ಸಮೇತ ಇಲ್ಲಿ ಬರೆಯಿರಿ.