ನೀರೊಳಗೆ ಗಂಡನ ಕಣ್ಣು ಕ್ಯಾಮೆರಾ ಮೇಲೆಯೇ

ಪ್ರಶ್ನೆ: ನನಗೆ 36, ಯಜಮಾನರಿಗೆ 40. ಮೂರು ವರ್ಷದ ಹಿಂದೆ ಮುರ್ಡೇಶ್ವರಕ್ಕೆ ಹೋದಾಗ ನೇತ್ರಾಣಿ ದ್ವೀಪದಲ್ಲಿ ಸುಮ್ನೆ ನೋಡೋಣ ಅಂತ ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುವುದು) ಮಾಡಿದೆವು. ಇಬ್ಬರಿಗೂ ಹುಚ್ಚು ಹಿಡಿಯಿತು. ಅಂಡಮಾನ್‌ಗೆ ಹೋಗಿ ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕೋರ್ಸೂ ಮುಗಿಸಿದೆವು. ಮದುವೆಯಾದ ಮೇಲೆ ನಾವಿಬ್ಬರೂ ಸೇರಿ ಕಲಿತದ್ದು ಅದೊಂದೇ. ಈಗ ಅವರು ಕ್ಯಾಮೆರಾ, ಅದಕ್ಕೆ ನೀರು ತಾಗದಂತೆ ಹೌಸಿಂಗ್ ಎನ್ನುವ ಕವಚ, ಲೈಟು ಎಂದು ಲಕ್ಷಕ್ಕೂ ಜಾಸ್ತಿ ಸುರಿದಿದ್ದಾರೆ. ನೀರೊಳಗೆ ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ಕಳೆದ ಸಲ 15 ಮೀಟರ್ ಆಳದಲ್ಲಿ ನನ್ನ ಮಾಸ್ಕ್‌ಗೆ ನೀರು ನುಗ್ಗಿ ಗಾಬರಿಯಾಯಿತು. ಅವರು ಒಮ್ಮೆ ನೋಡಿದರು. ಫೋಟೊ ಕೆಡಬಾರದು ಎಂದು ‘ಓಕೆ’ ಸನ್ನೆ ಮಾಡಿದೆ. ಮನೆಗೆ ಬಂದು ಹೇಳಿದರೆ, ‘ನಿನಗೆ ಕ್ಯಾಮೆರಾ ಮೇಲೆ ಹೊಟ್ಟೆಕಿಚ್ಚು’ ಎನ್ನುತ್ತಾರೆ. ಡೈವಿಂಗ್ ಬಿಟ್ಟುಬಿಡಲಾ?
– ಹೆಸರು, ಊರು ಬೇಡ

ಉತ್ತರ: ಬಿಡಬೇಡಿ. ಆದರೆ ಮತ್ತೆ ನೀರಿಗಿಳಿಯುವ ಮುಂಚೆ ಕೆಲವು ವಿಷಯ ಇತ್ಯರ್ಥವಾಗಲೇಬೇಕು.

ಯಜಮಾನರ ತಪ್ಪಿಗೆ ಆಮೇಲೆ ಬರೋಣ. ನೀವು ಹಗುರವಾಗಿ ಬರೆದು ಮುಂದೆ ಹೋದ ಆ ‘ಓಕೆ’ ಇದೆಯಲ್ಲ, ನನಗೆ ಹೆಚ್ಚು ಭಯವಾಗಿದ್ದು ಅದನ್ನು ಓದಿ. ನೀರೊಳಗೆ ಮಾತಿಲ್ಲ, ಸನ್ನೆಯೇ ಎಲ್ಲ. ಅಂಗೈ ಅಡ್ಡ ಹಿಡಿದು ಅಲ್ಲಾಡಿಸಿದರೆ ‘ಏನೋ ಸರಿಯಿಲ್ಲ’. ಹೆಬ್ಬೆರಳು ಮೇಲೆತ್ತಿದರೆ ‘ಮೇಲೆ ಹೋಗೋಣ’. ಇವನ್ನು ಕೋರ್ಸ್‌ನಲ್ಲಿ ಕಲಿತಿದ್ದೀರಿ, ಅಲ್ವಾ? ಆದರೂ ಕೈ ‘ಓಕೆ’ ಎಂದಿತು. ಜ್ವರ ಬಂದಿದ್ದರೂ ನೆಂಟರ ಎದುರು ‘ಏನಿಲ್ಲ, ಆರಾಮಿದ್ದೀನಿ’ ಎಂದು ಕಾಫಿಗೆ ನೀರಿಡುವ ಅಭ್ಯಾಸ ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳಿಗಿದೆ. ಮನೆಯಲ್ಲಿ ಅದರಿಂದ ಮೈ ದಣಿಯುತ್ತದೆ. ಸಮುದ್ರದಲ್ಲಿ ಜೀವಕ್ಕೇ ಅಪಾಯ. ಗಾಬರಿಯಾದವರು ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಲು ನೋಡುತ್ತಾರೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಬಿಡದಿದ್ದರೆ ಶ್ವಾಸಕೋಶ ತಡೆಯುವುದಿಲ್ಲ. ನಿಮ್ಮ ಯಜಮಾನರು ನಿಮ್ಮ ಕೈ ನೋಡಿದರು, ಕೈ ಸುಳ್ಳು ಹೇಳಿತು. ಹಾಗಾಗಿ ಅಷ್ಟರ ಮಟ್ಟಿಗೆ ಅವರನ್ನು ದೂರುವಂತಿಲ್ಲ.

ಇನ್ನು ಅವರ ವಿಷಯ. ಹೊಟ್ಟೆಕಿಚ್ಚಿನ ಮಾತು ಸುಮ್ನೆ ತಪ್ಪಿಸಿಕೊಳ್ಳುವ ಮಾತು. ಅವರು ನೀರೊಳಗೆ ಮೊದಲು ನಿಮ್ಮ ಜೊತೆಗಾರ, ಆಮೇಲೆ ಫೋಟೊಗ್ರಾಫರ್. ಅವರ ಸಿಲಿಂಡರ್‌ನಿಂದ ಹೊರಟ ಎರಡನೇ ಉಸಿರಿನ ಕೊಳವೆ, ಆ ಹಳದಿ ಆಕ್ಟೋಪಸ್, ನಿಮ್ಮ ಗಾಳಿ ಮುಗಿದರೆ ನಿಮಗೆ ಕೊಡುವುದಕ್ಕೇ ಇರುವುದು. ನೀವು ಎಲ್ಲಿದ್ದೀರಿ ಎಂದೇ ಗೊತ್ತಿಲ್ಲದವರ ಎದೆ ಮೇಲೆ ಅದು ನೇತಾಡುತ್ತಿದ್ದರೆ ಏನು ಬಂತು?

ಆದರೂ ಇದನ್ನು ಪ್ರೀತಿ ಕಡಿಮೆಯಾದ ಲಕ್ಷಣ ಎಂದು ಓದಬೇಡಿ. ನೀರೊಳಗೆ ಫೋಟೊ ತೆಗೆಯುವುದು ಮನುಷ್ಯನನ್ನು ಪೂರ್ತಿ ನುಂಗುವ ಕೆಲಸ. ನಾಲ್ಕೈದು ಮೀಟರ್ ಇಳಿಯುವಷ್ಟರಲ್ಲೇ ಕೆಂಪು ಬಣ್ಣ ಮಾಸತೊಡಗುತ್ತದೆ, ಇನ್ನೂ ಇಳಿದರೆ ಎಲ್ಲ ನೀಲಿ-ಹಸಿರು. ಬಣ್ಣ ಬೇಕೆಂದರೆ ಲೈಟು ಬೇಕು. ಲೈಟು ಲೆನ್ಸಿಗೆ ತೀರಾ ಹತ್ತಿರವಿದ್ದರೆ ನೀರಿನಲ್ಲಿ ತೇಲುವ ಕಣಗಳೆಲ್ಲ ಹೊಳೆದು ಫೋಟೊ ತುಂಬ ಬಿಳಿ ಚುಕ್ಕೆ. ಹಾಗಾಗಿ ಲೈಟನ್ನು ಪಕ್ಕಕ್ಕೆ ಚಾಚಿ, ಮೀನಿನ ಒಂದು ಮೊಳದೊಳಗೆ ಹೋಗಬೇಕು. ಉಗುರಿನಷ್ಟು ದೊಡ್ಡ ನ್ಯೂಡಿಬ್ರಾಂಕ್ (ಬಣ್ಣಬಣ್ಣದ ಸಮುದ್ರದ ಗೊಂಡೆಹುಳು) ಒಂದು ಕಲ್ಲಿನ ಮೇಲೆ ಸಿಕ್ಕಿತೆನ್ನಿ. ಉಸಿರು ಎಳೆದರೆ ಮೈ ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ, ಅಲೆ ಪಕ್ಕಕ್ಕೆ ತಳ್ಳುತ್ತದೆ, ಫೋಕಸ್ ತಪ್ಪುತ್ತದೆ. ಇಷ್ಟರ ನಡುವೆ ಗಾಳಿಯ ಗೇಜ್ ನೋಡುವುದೇ ಮರೆಯುತ್ತದೆ, ಹೆಂಡತಿಯ ಮಾತು ಹಾಗಿರಲಿ. ಹೊಸಬರು ಮೊದಲು ನೀರಲ್ಲಿ ಅಲುಗಾಡದೆ ನಿಲ್ಲುವುದನ್ನು ಕಲಿಯಲಿ, ಕ್ಯಾಮೆರಾ ಆಮೇಲೆ ಎಂದು ಕಲಿಸುವವರು ಹೇಳುವುದು ಇದಕ್ಕೇ. ಹಿಂದಿರುವ ಹವಳಕ್ಕೆ ಕಾಲಿಗೆ ಕಟ್ಟಿದ ಫಿನ್ (ಈಜುರೆಕ್ಕೆ) ತಾಗಿ ಮುರಿಯುವುದೂ ಹೀಗೆ ಮೈಮರೆತಾಗಲೇ.

ಈಗ ಏನು ಮಾಡಬೇಕು? ದೋಣಿಯಲ್ಲಿ ಬೇಡ, ಟ್ರಿಪ್‌ನಿಂದ ಬಂದ ರಾತ್ರಿಯೂ ಬೇಡ. ಮಾಮೂಲಿ ದಿನ ಕೂತು ಮಾತಾಡಿ. ‘ನೀವು ನನ್ನನ್ನು ನೋಡೋದೇ ಇಲ್ಲ’ ಎಂದು ಶುರು ಮಾಡಬೇಡಿ. ‘ಅವತ್ತು ಮಾಸ್ಕ್ ತುಂಬಿತ್ತು, ನಾನು ಸುಳ್ಳು ಸನ್ನೆ ಮಾಡಿದೆ, ಇನ್ನು ಮಾಡಲ್ಲ’ ಎನ್ನಿ. ಅದನ್ನು ಕೇಳಿದ ಮೇಲೆ ಹೊಟ್ಟೆಕಿಚ್ಚಿನ ಮಾತು ಬರುವುದು ಕಷ್ಟ.

ದಿನಕ್ಕೆ ಎರಡು ಡೈವ್ ಇದ್ದರೆ ಮೊದಲನೆಯದಕ್ಕೆ ಕ್ಯಾಮೆರಾ ದೋಣಿಯಲ್ಲೇ ಇರಲಿ. ಎರಡನೆಯದರಲ್ಲಿ ಒಂದು ಫೋಟೊ, ಆಮೇಲೆ ತಿರುಗಿ ನಿಮ್ಮನ್ನೊಮ್ಮೆ ನೋಡುವುದು, ಆಮೇಲೇ ಇನ್ನೊಂದು ಫೋಟೊ. ನೀವು ಅವರ ಹಿಂದೆ ಈಜಬೇಡಿ, ಕೈಗೆಟುಕುವಷ್ಟು ಪಕ್ಕದಲ್ಲಿರಿ. ಗೇಜ್ 100 ಬಾರ್‌ಗೆ (ಸಿಲಿಂಡರ್‌ನಲ್ಲಿ ಉಳಿದ ಗಾಳಿಯ ಒತ್ತಡದ ಅಳತೆ) ಬಂದಾಗ ಇಬ್ಬರೂ ಒಬ್ಬರಿಗೊಬ್ಬರು ತೋರಿಸಬೇಕು. 50 ಬಾರ್ ಉಳಿದಿರುವಾಗಲೇ ದೋಣಿ ಹತ್ತಿರ ಇರಬೇಕು. ಎದುರಿಗೆ ಎಂಥ ಆಮೆ ಬಂದರೂ ಸರಿ.

ಅವರಿಗೆ ಮೀನು ಹುಡುಕಿಕೊಡುವ ಸಹಾಯಕಿ ನೀವಾಗಬೇಕಿಲ್ಲ. ಇಷ್ಟವಿದ್ದರೆ ಕ್ಯಾಮೆರಾ ನೀವೂ ಕೇಳಿ. ಬೇಡವಾದರೆ ಬರೀ ನೋಡಿ. ನಿಮ್ಮನ್ನು ನೀರು ಎಳೆಯುತ್ತದೋ, ಅಥವಾ ಇಬ್ಬರೂ ಜೊತೆಯಾಗಿ ಏನೋ ಮಾಡಿದ ಆ ಖುಷಿ ಎಳೆಯುತ್ತದೋ, ಇದನ್ನು ನೀವೇ ಕೇಳಿಕೊಳ್ಳಬೇಕು. ಎರಡನೆಯದಾದರೆ ಅದು ಊರಲ್ಲೂ ಬೇಕು. ವರ್ಷಕ್ಕೊಮ್ಮೆ ಹೋಗುವ ಸಮುದ್ರದಿಂದ ಅಷ್ಟೆಲ್ಲ ನಿರೀಕ್ಷಿಸುವುದು ಜಾಸ್ತಿಯಾಯಿತು. ಲಕ್ಷದ ಲೆಕ್ಕ ಬೇರೆ. ಮನೆ ಖರ್ಚಿಗೆ ತೊಂದರೆಯಾಗಿಲ್ಲದಿದ್ದರೆ ಅದನ್ನು ಈ ಜಗಳಕ್ಕೆ ಎಳೆಯಬೇಡಿ.

ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ಆ ತಿಂಗಳುಗಳಲ್ಲಿ ಊರಿನ ಈಜುಕೊಳದಲ್ಲಿ, ತಿಳಿದವರು ಪಕ್ಕದಲ್ಲಿರುವಾಗ, ಮಾಸ್ಕ್ ಖಾಲಿ ಮಾಡುವುದನ್ನು ಬೇಸರವಾಗುವಷ್ಟು ಸಲ ಮಾಡಿ. ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ, ಮುಖ ಸ್ವಲ್ಪ ಮೇಲೆತ್ತಿ, ಮೂಗಿನಿಂದ ನಿಧಾನವಾಗಿ ಉಸಿರು ಬಿಟ್ಟರೆ ನೀರು ಕೆಳಗಿನಿಂದ ಹೊರಹೋಗುತ್ತದೆ. ಇದು ಕೈಗೆ ಹತ್ತಿದರೆ ನಿಮ್ಮ ಗಾಬರಿ ಅರ್ಧ ಇಳಿಯುತ್ತದೆ.

ಇಷ್ಟಕ್ಕೂ ಅವರು ಒಪ್ಪದಿದ್ದರೆ ಜಗಳ ಬೇಡ. ಬುಕ್ ಮಾಡುವಾಗಲೇ ‘ನನ್ನ ಜೊತೆಗೆ ಬೇರೆ ಗೈಡ್ ಬೇಕು’ ಎಂದು ಡೈವ್ ಸೆಂಟರ್‌ನವರಿಗೆ ಹೇಳಿ. ಸ್ವಲ್ಪ ಜಾಸ್ತಿ ದುಡ್ಡು ಕೇಳಬಹುದು, ಕೊಡಿ.